ಚಾಲಗೇಣಿ ಒಕ್ಕಲಿನ ಅಹವಾಲು

ನಮ್ಮ ಚಿಕ್ಕಪ್ಪ ಒಂದು ಕಾಲದಲ್ಲಿ ತಿಂಗಳಿಗೆ 30 ರೂಪಾಯಿ ಖರ್ಚು ಮಾಡಿ ಒಂದು ಹಾಡನ್ನು ಸಾಕುತ್ತಿದ್ದರು. ಕಾಲರ್ ಟ್ಯೂನ್ ಎಂಬುದು ನಮ್ಮೂರಿಗೆ ಆಗಷ್ಟೇ ಬಂದಿತ್ತು. ಅವರಿಗೆ ಫೋನ್ ಮಾಡಿದವರಿಗೆ ಟ್ರಿಣ್ ಟ್ರಿಣ್ ಸದ್ದಿನ ಬದಲು ರಾಜ್‌ಕುಮಾರ್ ಕಂಠ ಕೇಳಿಸುತ್ತಿತ್ತು. ಸೊಸೈಟಿಯ ಕಾರ್ಯದರ್ಶಿ, ಅಡಿಕೆ ವ್ಯಾಪಾರಿ, ಕೊನೆಗೆ ತಪ್ಪಿ ನಂಬರ್ ಒತ್ತಿದ ಅಪರಿಚಿತರು ಕೂಡ ಆ ಹಾಡು ಕೇಳಿದವರೇ. ಕೇಳದೆ ಉಳಿದವರು ಚಿಕ್ಕಪ್ಪ ಒಬ್ಬರೇ. ದುಡ್ಡು ಕೊಟ್ಟವನನ್ನು ಬಿಟ್ಟು ಮಿಕ್ಕೆಲ್ಲರಿಗೂ ಕೇಳಿಸುವ ಹಾಡನ್ನು ಮಾರಬಹುದೆಂದು ಹೊಳೆದ ಪುಣ್ಯಾತ್ಮನಿಗೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಚಿಕ್ಕಪ್ಪ ಸುಮ್ಮನೆ ಬಿಡುವ ಜನವಲ್ಲ. ಮಧ್ಯಾಹ್ನ ಊಟವಾದ ಮೇಲೆ ಮೊಬೈಲನ್ನು ಚಾವಡಿಯ ಮೇಜಿನ ಮೇಲಿಟ್ಟು, ಒಳಕೋಣೆಯ ಲ್ಯಾಂಡ್‌ಲೈನಿನಿಂದ ತಮ್ಮದೇ ನಂಬರಿಗೆ ಡಯಲ್ ಮಾಡಿ, ರಿಸೀವರನ್ನು ಕಿವಿಗೊತ್ತಿ, ಕಣ್ಣುಮುಚ್ಚಿ ಕೂರುತ್ತಿದ್ದರು. ಪಲ್ಲವಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಅಡಿಗೆಮನೆಯಿಂದ ಒದ್ದೆ ಕೈ ಸೆರಗಿಗೆ ಒರೆಸುತ್ತ ಓಡಿಬಂದ ಚಿಕ್ಕಮ್ಮ ಮೊಬೈಲ್ ಎತ್ತಿ, "ಹಲೋ, ಯಾರು ಮಾತಾಡುದು?" ಅನ್ನುತ್ತಿದ್ದರು.

"ನಾನೇ ಮಾರಾಯ್ತಿ, ಇಡು!"

"ನೀವಾ? ಎಲ್ಲಿಂದ?"

"ಒಳಗಿಂದ!"

ಎತ್ತಿದ ತಪ್ಪಿಗೆ ಲ್ಯಾಂಡ್‌ಲೈನಿನ ಬಿಲ್ಲಿಗೆ ಒಂದು ಕಾಲ್ ಸೇರಿಕೊಳ್ಳುತ್ತಿತ್ತು. ಹೀಗೇ ನಡೆಯುತ್ತಿದ್ದಾಗ ಒಮ್ಮೆ ಬ್ಯಾಲೆನ್ಸ್ ಸಾಲದೆ ಹಾಡು ನಿಂತುಹೋಯಿತು. "ಇಷ್ಟು ಸಮಯದಿಂದ ದುಡ್ಡು ಕಟ್ಟಿದ್ದೇನಲ್ಲ, ಹಾಡು ಇನ್ನೂ ನನ್ನದಾಗಲಿಲ್ಲವಾ?" ಎಂದು ಚಿಕ್ಕಪ್ಪ ಕಸ್ಟಮರ್ ಕೇರಿನ ಹುಡುಗಿಯನ್ನು ಕೇಳಿದರಂತೆ. ಆಕೆ ತುಂಬ ಮರ್ಯಾದೆಯಿಂದ, "ಸರ್, ಪುನಃ ಆ್ಯಕ್ಟಿವೇಟ್ ಮಾಡ್ಲಾ?" ಅಂದಳಂತೆ. ಅದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ಕೋರ್ಟುಗಳಲ್ಲಿ ದೊಡ್ಡ ದೊಡ್ಡ ವಕೀಲರು ಎತ್ತಿದ್ದನ್ನು ಆಮೇಲೆ ನಾನು ಓದಿದ್ದೇನೆ. ಅವರಿಗೆ ಸಿಕ್ಕ ಉತ್ತರವೂ ಹೆಚ್ಚುಕಡಿಮೆ ಆ ಹುಡುಗಿ ಕೊಟ್ಟದ್ದೇ.

ಹಾಗೆಂದು ಚಿಕ್ಕಪ್ಪನ ಬಳಿ ಅವರದೇ ಎನ್ನುವ ಸ್ವತ್ತು ಇರಲಿಲ್ಲವೆಂದಲ್ಲ. ಒಂದು ತಗಡಿನ ಪೆಟ್ಟಿಗೆಯ ತುಂಬ ತಾಳಮದ್ದಳೆಯ ಕ್ಯಾಸೆಟ್‌ಗಳಿದ್ದವು. ಕೆಲವು ಅಂಗಡಿಯಿಂದ ತಂದವು, ಉಳಿದವು ದೇವಸ್ಥಾನದ ಜಗಲಿಯಲ್ಲಿ ರಾತ್ರಿಯಿಡೀ ಟೇಪ್‌ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಸ್ವಂತ ರೆಕಾರ್ಡ್ ಮಾಡಿದವು. ಪ್ರತಿಯೊಂದರ ಮೇಲೂ ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು, ಕೆಳಗೆ ಕೆಂಪು ಶಾಯಿಯಲ್ಲಿ "ಕೊಂಡುಹೋದವರು ಹಿಂದೆ ತಂದುಕೊಡತಕ್ಕದ್ದು" ಎಂಬ ಆಜ್ಞೆ. ನಮ್ಮ ಕಡೆಯ ಮಳೆಗೆ ರೀಲಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಆಷಾಢದಲ್ಲಿ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹಲಸಿನ ಹಪ್ಪಳದ ಡಬ್ಬಿಗಳ ನಡುವೆ, ಸಾಲಾಗಿ ಇಡುತ್ತಿದ್ದರು. ಅಷ್ಟು ಮಾಡಿಯೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನಿಗೆ ಹಾಕಿದ ಸವಾಲು ಅರ್ಧದಲ್ಲಿ ಎಳೆದೆಳೆದು ಗೊಗ್ಗರಾಗುತ್ತಿತ್ತು. ಪೆಟ್ಟಿಗೆಯಲ್ಲಿ ಅರ್ಧದಷ್ಟು ಕ್ಯಾಸೆಟ್‌ಗಳು ಹಾಳಾದವು. ಹಾಳಾದವೂ ಅವರವೇ ಆಗಿದ್ದವು. ಯಾರೂ ಬಂದು "ಇದನ್ನು ನೀವು ಇನ್ನು ಹಾಳು ಮಾಡುವಂತಿಲ್ಲ" ಅನ್ನಲಿಲ್ಲ.

ಈಗ ನಾನು ಕ್ಯಾಸೆಟ್ ಕೊಳ್ಳುವುದಿಲ್ಲ. ಹಾಡು, ಸಿನಿಮಾ, ಪುಸ್ತಕ ಎಲ್ಲವೂ ಫೋನಿನಲ್ಲೇ. ‘ಬೈ ನೌ’ ಎಂಬ ಗುಂಡಿ ಒತ್ತಿದರೆ ಮುಗಿಯಿತು. ಆ ಗುಂಡಿಯ ಕೆಳಗೆ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಷರತ್ತುಗಳಿರುತ್ತವೆ. ಒಂದು ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ಅಲ್ಲಾಡದೆ ನಿಂತಾಗ, ಓದಲು ಬೇರೇನೂ ಇಲ್ಲದೆ, ಅವನ್ನು ಆಮೂಲಾಗ್ರ ಓದಿದೆ. ಬೆಂಗಳೂರಿನ ಟ್ರಾಫಿಕ್ ಇಲ್ಲದಿದ್ದರೆ ಈ ಜನ್ಮದಲ್ಲಿ ಓದುತ್ತಿರಲಿಲ್ಲ. ಅದರ ಸಾರಾಂಶ ಇಷ್ಟು: ನೀನು ಕೊಂಡದ್ದು ಪುಸ್ತಕವಲ್ಲ, ಓದುವ ಪರವಾನಗಿ. ಇದನ್ನು ಮಾರುವಂತಿಲ್ಲ, ಮತ್ತೊಬ್ಬರಿಗೆ ಕೊಡುವಂತಿಲ್ಲ. ನಾವು ಯಾವಾಗ ಬೇಕಾದರೂ ಷರತ್ತು ಬದಲಿಸಬಹುದು, ಪರವಾನಗಿ ಹಿಂದಕ್ಕೆ ಪಡೆಯಬಹುದು.

ಈ ಭಾಷೆಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ನೆನಪಾದವರು ಅಜ್ಜ. ಅಜ್ಜ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ದಕ್ಷಿಣ ಕನ್ನಡದಲ್ಲಿ ಗೇಣಿಯಲ್ಲೂ ಎರಡು ಬಗೆ. ಮೂಲಗೇಣಿಯಾದರೆ ಗೇಣಿ ನಿಗದಿ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಹಕ್ಕು. ಚಾಲಗೇಣಿಯಾದರೆ ಧಣಿಯ ಮರ್ಜಿ ಇದ್ದಷ್ಟು ದಿನ. ಅಜ್ಜನದು ಚಾಲಗೇಣಿ. ವರ್ಷಕ್ಕಿಷ್ಟು ಮುಡಿ ಅಕ್ಕಿ ಒಪ್ಪಿಸಬೇಕು. ಹಬ್ಬ ಬಂತೆಂದರೆ ಬಾಳೆಗೊನೆ, ಸೌತೆಕಾಯಿ ಹೊತ್ತು ಧಣಿಗಳ ಅಂಗಳದಲ್ಲಿ ಇಳಿಸಬೇಕು. ಇಷ್ಟಾಗಿಯೂ ಬರುವ ವರ್ಷ ಆ ಗದ್ದೆ ತನಗೇ ಎಂಬ ಖಾತ್ರಿಯಿಲ್ಲ. ಕಟ್ಟಹುಣಿಯ ಬದಿಯಲ್ಲಿ ಒಂದು ತೆಂಗಿನ ಸಸಿ ನೆಡುವುದಕ್ಕೂ ಅಜ್ಜನಿಗೆ ಮನಸ್ಸು ಬರುತ್ತಿರಲಿಲ್ಲವಂತೆ. ಫಲ ಬಿಡಲು ಏಳೆಂಟು ವರ್ಷ ಬೇಕು. ಅಷ್ಟರಲ್ಲಿ ಕಾಯಿ ಕೊಯ್ಯುವವರು ಯಾರೋ! 1974ರ ಮಾರ್ಚ್ 1ರಂದು ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಅಜ್ಜ ಫಾರಂ ನಂಬರ್ 7 ತುಂಬಿಸಿ, ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ಕೈಕಟ್ಟಿ ನಿಂತು, ಗದ್ದೆ ತನ್ನ ಹೆಸರಿಗಾದ ಮೇಲೆ ಮಾಡಿದ ಮೊದಲ ಕೆಲಸ ತೆಂಗಿನ ಸಸಿ ನೆಟ್ಟದ್ದು. ಆ ಮರಗಳು ಈಗಲೂ ಇವೆ. ಹತ್ತುವವರು ಸಿಗುವುದಿಲ್ಲ, ಅದು ಬೇರೆ ಮಾತು.

ಅಜ್ಜ ಅಷ್ಟು ಕಷ್ಟಪಟ್ಟು ಬಿಟ್ಟುಬಂದ ಚಾಲಗೇಣಿಗೆ ಮೊಮ್ಮಗ ನಾನು ಪುನಃ ಒಪ್ಪಿ ಬಂದಿದ್ದೇನೆ. ಸಹಿ ಹಾಕಿಯೂ ಅಲ್ಲ, ಫೋನಿನ ಮೇಲೆ ಹೆಬ್ಬೆಟ್ಟು ಒತ್ತಿ.

ಒಕ್ಕಲೆಬ್ಬಿಸುವುದೂ ನಡೆಯುತ್ತದೆ. 2009ರ ಜುಲೈನಲ್ಲಿ ಅಮೆರಿಕದ ಕೆಲವು ಕಿಂಡಲ್ ಓದುಗರು ಬೆಳಗ್ಗೆ ಎದ್ದು ನೋಡಿದರೆ ರಾತ್ರಿ ಇದ್ದ ಪುಸ್ತಕ ಇಲ್ಲ. ಆ ಇ-ಪುಸ್ತಕವನ್ನು ಅಂಗಡಿಗೆ ಹಾಕಿದವರಿಗೆ ಮಾರುವ ಹಕ್ಕೇ ಇರಲಿಲ್ಲವೆಂದು ತಿಳಿದ ಅಮೆಜಾನ್, ಅಷ್ಟರಲ್ಲಿ ಕೊಂಡವರ ಸಾಧನಗಳಿಂದಲೂ ಅದನ್ನು ಅಳಿಸಿಹಾಕಿತ್ತು. ದುಡ್ಡು ವಾಪಸ್ ಕೊಟ್ಟಿತು ಅನ್ನಿ. ಅಳಿಸಿದ್ದು ಯಾವ ಪುಸ್ತಕ? ಜಾರ್ಜ್ ಆರ್ವೆಲ್‌ನ ‘1984’. ಸರ್ಕಾರಕ್ಕೆ ಬೇಡವಾದ ಕಾಗದಗಳನ್ನು ಗೋಡೆಯ ಕಂಡಿಯೊಳಗೆ ತೂರಿ ಇಲ್ಲವಾಗಿಸುವ ಕಥೆಯಿರುವ ಪುಸ್ತಕವನ್ನೇ ಕಂಡಿಗೆ ತೂರಿದ್ದರು. ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿ, ನಾವು ಮಾಡಿದ್ದು ಮೂರ್ಖತನ ಎಂದೇ ಒಪ್ಪಿಕೊಂಡರು. ನನಗೆ ಪಾಪ ಅನ್ನಿಸಿದ್ದು ಮಿಶಿಗನ್ನಿನ ಒಬ್ಬ ಹೈಸ್ಕೂಲ್ ಹುಡುಗನ ಬಗ್ಗೆ. ಶಾಲೆಯ ಪಾಠಕ್ಕೆಂದು ಅವನು ಆ ಪುಸ್ತಕದಲ್ಲಿ ಟಿಪ್ಪಣಿ ಮಾಡಿಕೊಂಡಿದ್ದ. ಪುಸ್ತಕ ಹೋಯಿತು, ಯಾವ ಸಾಲಿಗೆ ಬರೆದದ್ದೆಂದು ತಿಳಿಯದ ಟಿಪ್ಪಣಿಗಳು ಉಳಿದವು. ಗದ್ದೆ ಧಣಿಯದು, ಸಸಿ ಹುಡುಗನದು. ಹುಡುಗ ಗಟ್ಟಿಗ, ಕೋರ್ಟಿಗೆ ಹೋದ. ಕಂಪನಿ ರಾಜಿಗೆ ಬಂತು. ಹತ್ತು ವರ್ಷದ ಬಳಿಕ, 2019ರಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗ ಕೊಂಡವರಿಗೆಲ್ಲ ದುಡ್ಡು ಹಿಂದಿರುಗಿಸಿ, ಟಿಪ್ಪಣಿ ಮಾಡಿಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟಿತು. ಒಕ್ಕಲು ಮಾಡಿದ ಕೃಷಿಗೆ ಪರಿಹಾರ! ನಮ್ಮೂರ ಧಣಿಗಳಲ್ಲಿ ಅಷ್ಟು ಧಾರಾಳಿಗಳು ಇದ್ದರೆಂದು ಅಜ್ಜ ಹೇಳಿದ ನೆನಪಿಲ್ಲ.

ಗದ್ದೆಯ ಮಾತು ಬಂದದ್ದಕ್ಕೆ ನನ್ನ ಭಾವನ ಕೃಷಿಯ ಬಗ್ಗೆ ಹೇಳಲೇಬೇಕು. ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು. ಊರಿನಲ್ಲಿ ಅವರ ಪಾಲಿನ ಗದ್ದೆ ಹಡಿಲು ಬಿದ್ದಿತ್ತು. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಎಂಬ ಆಟ ಬಂತು, ಭಾವ ಕೃಷಿಕರಾದರು. ಅದರಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಗೆ ಕೊಯ್ಲಿಗೆ ಬರುತ್ತಿತ್ತು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಒಣಗಿ ಕಂದಾಗುತ್ತಿತ್ತು. ಹುಟ್ಟಿದ ಮೇಲೆ ಒಂದು ಸೂಡಿ ನೇಜಿ ಕಿತ್ತು ಗೊತ್ತಿಲ್ಲದ ಮನುಷ್ಯ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಸ್ಟ್ರಾಬೆರಿ ಕೊಯ್ಯುತ್ತಿದ್ದರು. ಗುಲಾಬಿ ಬಣ್ಣದ ಒಂದು ದನ ಕಟ್ಟಿದ್ದರು. ಅದು ಸ್ಟ್ರಾಬೆರಿ ಹಾಲು ಕೊಡುತ್ತಿತ್ತು. ಬೇಲಿಗೂ ಕೊಟ್ಟಿಗೆಗೂ ನಿಜವಾದ ದುಡ್ಡು ಸುರಿದರು. ಅತ್ತೆ ಊರಿನಿಂದ ಫೋನ್ ಮಾಡಿ, "ಗದ್ದೆ ತುಂಬ ಮುಳ್ಳು ಬೆಳೆದಿದೆ ಮಗಾ, ಒಮ್ಮೆ ಬಂದು ನೋಡಿ ಹೋಗು" ಅಂದರೆ, "ಈಗ ಆಗುದಿಲ್ಲ ಅಮ್ಮ, ಕೊಯ್ಲು ಉಂಟು" ಎನ್ನುತ್ತಿದ್ದರು. ಅತ್ತೆ ಅದನ್ನು ಅಕ್ಕಪಕ್ಕದವರಲ್ಲಿ ಹೇಳಿಕೊಂಡು, ಮಗ ಬೆಂಗಳೂರಿನ ಬದಿಯಲ್ಲಿ ಜಾಗ ಮಾಡಿದ್ದಾನೆಂದು ಊರೆಲ್ಲ ಸುದ್ದಿಯಾಯಿತು.

2020ರ ಡಿಸೆಂಬರ್ 31ರಂದು ಫಾರ್ಮ್‌ವಿಲ್ ಮುಚ್ಚಿತು. ಅದು ನಿಂತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶಕ್ಕೇ ಆಯುಷ್ಯ ಮುಗಿದಿತ್ತು. ಭಾವ ಆ ಆಟ ಬಿಟ್ಟು ವರ್ಷಗಳೇ ಆಗಿದ್ದರೂ ಅವತ್ತು ರಾತ್ರಿ ಒಮ್ಮೆ ಒಳಹೊಕ್ಕು ನೋಡಿ ಬಂದರಂತೆ. ಗುಲಾಬಿ ದನ ಅಲ್ಲೇ ನಿಂತಿತ್ತಂತೆ. ಮಾರನೆಯ ದಿನ ಹೊಸ ವರ್ಷದ ಶುಭಾಶಯ ಹೇಳಲು ಫೋನ್ ಮಾಡಿದರೆ, "ಶುಭಾಶಯ ಇರಲಿ, ದನ ಹೋಯ್ತು ಮಾರಾಯ" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅಷ್ಟು ವರ್ಷ ತಿರುಗಿಯೂ ನೋಡದ ಊರಿನ ಗದ್ದೆ ಊರಿನಲ್ಲೇ ಇತ್ತು. ‘ಭೂಮಿ’ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿಯಲ್ಲಿ ಭಾವನ ಹೆಸರು ಮೂಡುತ್ತಿತ್ತು. ರಾತ್ರಿ ನಿದ್ದೆಗೆಟ್ಟು ಸಾಕಿದ್ದು ಹೋಯಿತು, ಹಾಳುಬಿಟ್ಟದ್ದು ಉಳಿಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ನಿಷೇಧಿಸಿದಾಗ ಭಾವನ ಮಗ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅವನ ಬಂದೂಕಿಗೆ ಅಪ್ಪನ ಕಾರ್ಡಿನಿಂದ ಹೊಡೆಸಿದ ಬಣ್ಣವಿತ್ತಂತೆ. ಅವನನ್ನು ಸಮಾಧಾನ ಮಾಡುವ ಅರ್ಹತೆ ಇಡೀ ಕುಟುಂಬದಲ್ಲಿ ಅವನ ಅಪ್ಪನಿಗೆ ಮಾತ್ರ ಇತ್ತು. ಮರುವರ್ಷ ಆಟ ಬೇರೆ ಹೆಸರಿನಲ್ಲಿ ಮರಳಿ ಬಂತು, ಹಳೆಯ ಸಾಮಾನು ಸರಂಜಾಮು ಎತ್ತಿಕೊಂಡು ಬರಲು ಅವಕಾಶವೂ ಇತ್ತು. ಅಷ್ಟರಲ್ಲಿ ಹುಡುಗನಿಗೆ ಮೀಸೆ ಮೂಡಿತ್ತು, ಆಸೆ ಹೋಗಿತ್ತು.

ಒಕ್ಕಲುಗಳ ಈ ಗೋಳಿಗೆ ಮದ್ದು ಎಂಬಂತೆ ಎನ್‌ಎಫ್‌ಟಿ ಬಂತು. ಡಿಜಿಟಲ್ ವಸ್ತುವಿಗೂ ಪಟ್ಟಾ ಕೊಡುತ್ತೇವೆ, ಯಾವ ತಹಸೀಲ್ದಾರನೂ ತಿದ್ದಲಾರದ ಪಟ್ಟಾ ಎಂದರು. 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಕಲಾವಿದನ ಒಂದು ಡಿಜಿಟಲ್ ಚಿತ್ರ ಕ್ರಿಸ್ಟೀಸ್ ಹರಾಜಿನಲ್ಲಿ 6.93 ಕೋಟಿ ಡಾಲರಿಗೆ ಹೋಯಿತು, ಹೆಚ್ಚುಕಡಿಮೆ 500 ಕೋಟಿ ರೂಪಾಯಿ. ಕೊಂಡವರು ನಮ್ಮ ಪಕ್ಕದ ತಮಿಳು ಮೂಲದ, ಸಿಂಗಪುರದಲ್ಲಿ ನೆಲೆಸಿದ ವಿಘ್ನೇಶ್ ಸುಂದರೇಶನ್. ಆ ಚಿತ್ರವನ್ನು ನಾನೂ ನೋಡಿದ್ದೇನೆ, ನೀವೂ ನೋಡಬಹುದು, ಬೇಕಾದರೆ ಫೋನಿನಲ್ಲಿ ಇಳಿಸಿಕೊಳ್ಳಬಹುದು. ಅದೇ ತಿಂಗಳು ಟ್ವಿಟರಿನ ಜ್ಯಾಕ್ ಡಾರ್ಸಿ ಹಾಕಿದ್ದ ಮೊಟ್ಟಮೊದಲ ಟ್ವೀಟ್ 29 ಲಕ್ಷ ಡಾಲರಿಗೆ ಮಾರಾಟವಾಯಿತು. ಮರುವರ್ಷ ಕೊಂಡವರು ಅದನ್ನು ಹರಾಜಿಗಿಟ್ಟು 4.8 ಕೋಟಿ ಡಾಲರ್ ಹೇಳಿದರು. ಗಡುವು ಮುಗಿದಾಗ ಕೂಗು 300 ಡಾಲರನ್ನೂ ಮುಟ್ಟಿರಲಿಲ್ಲ. ಫಾರ್ಮ್‌ವಿಲ್‌ನಲ್ಲಿ ಭಾವನಿಗೆ ಭೂಮಿ ಇದ್ದು ಪಟ್ಟಾ ಇರಲಿಲ್ಲ, ಇವರಿಗೆ ಪಟ್ಟಾ ಇದ್ದು ಭೂಮಿಯೇ ಇಲ್ಲ. ಇಂಥದೊಂದು ವಸ್ತು ನಿಜಕ್ಕೂ ಇದೆಯೇ ಎಂಬ ವೇದಾಂತದ ಪ್ರಶ್ನೆಯನ್ನು ನಮ್ಮ ಹಣಕಾಸು ಇಲಾಖೆ 2022ರ ಏಪ್ರಿಲ್‌ನಿಂದ ಬಗೆಹರಿಸಿತು. ಲಾಭ ಬಂದರೆ 30 ಶೇಕಡಾ ತೆರಿಗೆ. ನಷ್ಟ ಬಂದರೆ ನಿಮ್ಮ ಹಣೆಬರಹ, ಬೇರೆ ಲಾಭಕ್ಕೆ ವಜಾ ಮಾಡಿಕೊಳ್ಳುವಂತಿಲ್ಲ.

ಕೋರ್ಟಿನ ಮಾತು ಹೇಳಿದೆನಲ್ಲ. ಹಿಂದೊಮ್ಮೆ ಅಮೆರಿಕದ ಪ್ರಕಾಶಕರೊಬ್ಬರು ಒಂದು ಕಾದಂಬರಿಯ ಒಳಪುಟದಲ್ಲಿ, ಇದನ್ನು 1 ಡಾಲರಿಗಿಂತ ಕಡಿಮೆಗೆ ಮಾರುವಂತಿಲ್ಲ ಎಂದು ಅಚ್ಚು ಹಾಕಿಸಿದ್ದರು. ಮೇಸೀಸ್ ಅಂಗಡಿಯವರು ಕ್ಯಾರೇ ಅನ್ನದೆ 89 ಸೆಂಟಿಗೆ ಮಾರಿದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅಂಗಡಿಯವರ ಪರವಾಯಿತು: ಒಮ್ಮೆ ಮಾರಿದ ಪ್ರತಿಯ ಮೇಲೆ ಆಮೇಲೆ ಪ್ರಕಾಶಕನ ದರ್ಬಾರು ನಡೆಯದು. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಮಾರುವವರು ನಿಶ್ಚಿಂತೆಯಿಂದ ಚಹಾ ಕುಡಿಯುತ್ತ ಕೂತಿರುವುದೂ ಇದೇ ನ್ಯಾಯದ ಮೇಲೆ. ಚಲಾವಣೆಗೆ ಬಂದುಬಿಟ್ಟ ಪ್ರತಿಯನ್ನು ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಬೆನ್ನಟ್ಟುವುದಿಲ್ಲ. ಹಾಗಾದರೆ ಓದಿ ಮುಗಿಸಿದ ಇ-ಪುಸ್ತಕವನ್ನು ಸೆಕೆಂಡ್ ಹ್ಯಾಂಡ್ ಮಾರಬಹುದೇ? ನೆದರ್ಲೆಂಡ್ಸಿನ ಒಂದು ಕಂಪನಿ ಮಾರಲು ಹೋಯಿತು. 2019ರಲ್ಲಿ ಯುರೋಪಿನ ನ್ಯಾಯಾಲಯ ಕೂಡದು ಅಂದಿತು. ಕೊಟ್ಟ ಕಾರಣಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಕಾಗದದ ಪುಸ್ತಕ ಬಳಸಿದಂತೆ ಹಳತಾಗುತ್ತದೆ. ಇ-ಪುಸ್ತಕ ಎಷ್ಟು ಕೈ ದಾಟಿದರೂ ಹೊಸದಾಗಿಯೇ ಇರುತ್ತದೆ, ಆದ್ದರಿಂದ ಹೊಸ ಪ್ರತಿಯ ವ್ಯಾಪಾರಕ್ಕೆ ಕುತ್ತು. ಅಂದರೆ ಹಳತಾಗದ ತಪ್ಪಿಗೆ ಅದು ನನ್ನದಾಗಲಿಲ್ಲ. ಗೆದ್ದಲು, ಬೂಷ್ಟು, ಪುಟದ ಮೇಲಿನ ಹಪ್ಪಳದ ಎಣ್ಣೆ ಕಲೆ, ಇವಕ್ಕೆಲ್ಲ ನಾವು ಇಷ್ಟು ದಿನ ವೃಥಾ ಶಾಪ ಹಾಕಿದೆವು. ಅವೆಲ್ಲ ನಮ್ಮ ಒಡೆತನಕ್ಕೆ ಸಾಕ್ಷಿ ಹೇಳಲು ಬಂದಿದ್ದವು.

ಇ-ಪುಸ್ತಕವನ್ನು ಬೈಯುವುದು ನನ್ನ ಉದ್ದೇಶವಲ್ಲ. ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗಳು ಕನ್ನಡ ಕಾದಂಬರಿಗಳನ್ನು ಆ್ಯಪ್‌ನಲ್ಲಿ ಕೊಂಡು ಓದುತ್ತಾಳೆ. ಮೊದಲಾದರೆ ಪುಸ್ತಕಕ್ಕೂ ಉಪ್ಪಿನಕಾಯಿಗೂ ಸೂಟ್‌ಕೇಸಿನ ತೂಕದಲ್ಲಿ ಜಗಳವಾಗಿ ಪ್ರತಿಸಲವೂ ಉಪ್ಪಿನಕಾಯಿ ಗೆಲ್ಲುತ್ತಿತ್ತು. ಎಲ್ಲ ಡಿಜಿಟಲ್ ಮಾಲೂ ಚಾಲಗೇಣಿಯಲ್ಲ ಎಂಬುದೂ ನಿಜ. 2012ರಲ್ಲಿ ಫ್ಲಿಪ್‌ಕಾರ್ಟ್ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆದು ಮರುವರ್ಷವೇ ಮುಚ್ಚಿತು. ಆದರೆ ಅದು ಮಾರಿದ್ದು ಬೀಗವಿಲ್ಲದ ಎಂಪಿ3. ಅಂಗಡಿ ಹೋದರೂ ನಾನು ಕೊಂಡ ಹಾಡುಗಳು ನನ್ನ ಹಾರ್ಡ್ ಡಿಸ್ಕಿನಲ್ಲಿ ಇವತ್ತಿಗೂ ಹಾಡುತ್ತಿವೆ. ಮಾಡಲು ಮನಸ್ಸಿದ್ದರೆ ಹೀಗೂ ಮಾಡಬಹುದು.

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಮಕ್ಕಳು ಕೂತು ಪಾಲುಪಟ್ಟಿ ಮಾಡಿದರು. ಕಂಚಿನ ಕೌಳಿಗೆ, ಎರಡು ಚೆಂಬು, ಗೋಡೆ ಗಡಿಯಾರ, ಕ್ಯಾಸೆಟ್ ಪೆಟ್ಟಿಗೆ. ಪೆಟ್ಟಿಗೆ ಯಾರಿಗೂ ಬೇಡವಾಗಿ ನನಗೆ ಬಂತು. ಕೊನೆಯ ವರ್ಷಗಳಲ್ಲಿ ಮಗ ಕೊಡಿಸಿದ ಟ್ಯಾಬಿನಲ್ಲಿ ಚಿಕ್ಕಪ್ಪ ಬಹಳಷ್ಟು ಪುಸ್ತಕ, ಹಾಡು ಕೊಂಡಿದ್ದರು. ಅವು ಪಟ್ಟಿಯಲ್ಲಿ ಇರಲಿಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಓಟಿಪಿ ಬರುವ ಸಿಮ್ ಬಂದಾಗಿತ್ತು. ಗೊತ್ತಿದ್ದರೂ ದೊಡ್ಡ ಪ್ರಯೋಜನವಿಲ್ಲ. 2021ರಲ್ಲಿ ಆ್ಯಪಲ್ ತಂದ ‘ಲೆಗಸಿ ಕಾಂಟ್ಯಾಕ್ಟ್’ ವ್ಯವಸ್ಥೆಯಲ್ಲೂ ತೀರಿಕೊಂಡವರ ಫೋಟೋ, ಪತ್ರಗಳು ವಾರಸುದಾರರಿಗೆ ಸಿಗುತ್ತವೆಯೇ ಹೊರತು ಅವರು ದುಡ್ಡು ಕೊಟ್ಟು ಕೊಂಡ ಹಾಡು, ಸಿನಿಮಾ, ಪುಸ್ತಕ ಸಿಗುವುದಿಲ್ಲ. ಮೂಲಗೇಣಿಯಾಗಿದ್ದರೂ ಮಕ್ಕಳಿಗೆ ಇಳಿಯುತ್ತಿತ್ತು. ಟ್ಯಾಬಿನ ಪುಸ್ತಕಗಳಲ್ಲಿ ಚಿಕ್ಕಪ್ಪ ಎಲ್ಲೆಲ್ಲಿ ಗೆರೆ ಎಳೆದಿದ್ದರೋ! ಮನುಷ್ಯ ವಾದಪ್ರಿಯ, ಅಂಚಿನಲ್ಲಿ ಲೇಖಕರ ಜೊತೆ ಜಗಳವಾಡದೆ ಬಿಟ್ಟಿರಲಾರರು. ಅದನ್ನು ಓದುವ ಆಸೆ ನನಗೆ ಬಹಳ ಇತ್ತು.

ಧಣಿಗಳ ದೇಶದಲ್ಲೇ ಈಗ ಒಕ್ಕಲುಗಳು ಮಾತೆತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾಯಿದೆ ಇದೆ. ಕೊಡುವುದು ಪರವಾನಗಿಯಷ್ಟೇ ಆಗಿದ್ದರೆ ಅದನ್ನು ಕೊಳ್ಳುವವನಿಗೆ ಸ್ಪಷ್ಟವಾಗಿ ಹೇಳದೆ ‘ಬೈ’ ಎಂದು ಗುಂಡಿ ಹಾಕುವಂತಿಲ್ಲ. ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ‘ದಿ ಕ್ರೂ’ ಎಂಬ ಕಾರಿನ ಆಟವನ್ನು ನಿಲ್ಲಿಸಿ, ದುಡ್ಡು ಕೊಟ್ಟು ಕೊಂಡಿದ್ದವರನ್ನು ಬೀದಿಗೆ ಬಿಟ್ಟ ಮೇಲೆ, ಮಾರಿದ ಆಟವನ್ನು ಹೀಗೆ ಕೊಲ್ಲಬೇಡಿ ಎಂಬ ಮನವಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸಹಿ ಹಾಕಿದರು. ಆಟದ ಹುಡುಗರೆಂದು ಹಗುರವಾಗಿ ನೋಡಬಾರದು. ಅದು ಆ ಕಡೆಯ ಫಾರಂ ನಂಬರ್ 7.

ನನ್ನ ಬೇಡಿಕೆ ಅಷ್ಟು ದೊಡ್ಡದೂ ಅಲ್ಲ. ಅಂಗಡಿ ಮುಚ್ಚುವುದಾದರೆ ಮುಚ್ಚಿ, ಬೀಗದ ಕೈ ನನಗೆ ಕೊಟ್ಟು ಹೋಗಿ. ನಾನು ಸತ್ತರೆ ನನ್ನ ಪುಸ್ತಕಗಳು, ಅಂಚಿನ ಜಗಳಗಳ ಸಮೇತ, ಮಕ್ಕಳಿಗೆ ಸಿಗಲಿ. ಪೂರ್ತಿ ಒಡೆತನ ಕೊಡಲು ಮನಸ್ಸಾಗದಿದ್ದರೆ ಮೂಲಗೇಣಿಯಾದರೂ ಕೊಡಿ. ಅರ್ಜಿ ಬರೆದಿಟ್ಟಿದ್ದೇನೆ. ಯಾವ ಕಚೇರಿಯ ಯಾವ ಕಿಟಕಿಯಲ್ಲಿ ಕೊಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ. ಈ ಸಲ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕುತ್ತೇನೆ.